25 ಸಾವಿರದೊಳಗೆ ಮೊದಲ ರೋಡ್ ಸೈಕಲ್: ನಮ್ಮ ಕಡೆಯ ರಸ್ತೆಗೆ ಯಾವುದು ತಾಳುತ್ತದೆ?

ಗಂಗಾವತಿ ಹೊಸಬ

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಿನಪೂರ್ತಿ ಕುರ್ಚಿ ಬಿಟ್ಟು ಏಳುವುದಿಲ್ಲ. ಎತ್ತರ 5 ಅಡಿ 6 ಇಂಚು, ತೂಕ 78 ಕೆಜಿ. ರೋಡ್ ಸೈಕಲ್ ತಗೋಬೇಕು ಅಂತ ಮನಸ್ಸು ಮಾಡಿದ್ದೇನೆ. ಬೆಳಿಗ್ಗೆ ಆನೆಗುಂದಿ, ಸಣಾಪುರ ಕಡೆ ಹೋಗಿ ಬರಬೇಕು. ಭಾನುವಾರ ಮುನಿರಾಬಾದ್ ಡ್ಯಾಮ್‌ವರೆಗೆ. ಕಾಲು ಪಳಗಿದ ಮೇಲೆ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸವಾರಿ) ಒಂದನ್ನು ಮುಗಿಸುವ ಆಸೆ ಇದೆ.

ಕೈಯಲ್ಲಿರುವುದು 25 ಸಾವಿರ. ಕಂತಿನ ಮೇಲೆ ತಗೊಳ್ಳುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಸದ್ಯ ನಾಲ್ಕು ಸೈಕಲ್ ಮೇಲೆ ಕಣ್ಣಿದೆ. ಆನ್‌ಲೈನ್‌ನಲ್ಲಿ 13 ಸಾವಿರಕ್ಕೆ ಡ್ರಾಪ್ ಹ್ಯಾಂಡಲ್‌ನ (ಕೆಳಕ್ಕೆ ಬಾಗಿದ ಹ್ಯಾಂಡಲ್) 21 ಗೇರ್ ಸೈಕಲ್ ಒಂದಿದೆ. ಕಂಪನಿಯ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ನೋಡಲು ಮಾತ್ರ ಬಹಳ ಚೆಂದ. ಇನ್ನೊಂದು ಹೊಸ 7 ಗೇರ್ ರೋಡ್ ಸೈಕಲ್. ತಕ್ಕಮಟ್ಟಿಗೆ ಹೆಸರಿರುವ ಕಂಪನಿಯದು, ಆದರೆ ನನ್ನ ಹಣವೆಲ್ಲ ಅದಕ್ಕೇ ಹೋಗುತ್ತದೆ. ಮೂರನೆಯದು ನೇರ ಹ್ಯಾಂಡಲ್‌ನ ಹೈಬ್ರಿಡ್, 17 ಸಾವಿರ. ಕೊನೆಯದು ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿರುವ ಹಳೆಯ ರೋಡ್ ಸೈಕಲ್. ಶಿಮಾನೊ ಕ್ಲಾರಿಸ್ ಗೇರ್, 22 ಸಾವಿರ ಹೇಳುತ್ತಿದ್ದಾರೆ.

ಗೇರ್ ಸೈಕಲ್ ವಿಷಯ ನನಗೆ ಏನೂ ಗೊತ್ತಿಲ್ಲ. ಬಿಡಿಸಿ ಹೇಳಿದರೆ ಉಪಕಾರ.

ತೋರಣಗಲ್ಲು ಶಿಫ್ಟ್ ಸವಾರ

ಸ್ವಾಗತ ತಮ್ಮಾ. ಮೊದಲು ಹಣದ ಲೆಕ್ಕ ಸರಿ ಮಾಡಿಕೊಳ್ಳೋಣ. ನಿಮ್ಮ ಸೈಕಲ್‌ಗೆ ಇರುವುದು 25 ಅಲ್ಲ, 20 ಸಾವಿರ. ಉಳಿದ 5 ಸಾವಿರ ಇವತ್ತೇ ಬೇರೆ ಎತ್ತಿಡಿ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಕೈಪಂಪು, ಎರಡು ಟ್ಯೂಬ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಅಲೆನ್ ಕೀ ಸೆಟ್, ಬಾಟಲ್ ಕೇಜ್ ಎಲ್ಲ ಅದರಲ್ಲೇ ಬರಬೇಕು. ರೋಡ್ ಸೈಕಲ್ ಜೊತೆ ಸ್ಟ್ಯಾಂಡ್, ಬೆಲ್, ಮಡ್‌ಗಾರ್ಡ್ ಬರುವುದಿಲ್ಲ. ಕೆಲವಕ್ಕೆ ಪೆಡಲ್ ಕೂಡ ಬೇರೆ ತಗೋಬೇಕು. ಸೈಕಲ್‌ಗೇ ಎಲ್ಲ ಸುರಿದರೆ ಮೊದಲ ಪಂಕ್ಚರ್ ಆದ ದಿನವೇ ಆನೆಗುಂದಿ ರಸ್ತೆಯಲ್ಲಿ ತಳ್ಳಿಕೊಂಡು ಬರಬೇಕಾಗುತ್ತದೆ.

13 ಸಾವಿರದ್ದನ್ನು ಪಟ್ಟಿಯಿಂದ ತೆಗೆಯಿರಿ. ಆ ಬೆಲೆಗೆ ಡ್ರಾಪ್ ಹ್ಯಾಂಡಲ್, 21 ಗೇರ್, ಎರಡು ಡಿಸ್ಕ್, ಬಣ್ಣದ ದಪ್ಪ ರಿಮ್ ಎಲ್ಲ ಕೊಡಬೇಕಾದರೆ ಎಲ್ಲೋ ಉಳಿಸಿರಲೇಬೇಕು ಅಲ್ವಾ? ಉಳಿಸುವುದು ಕಣ್ಣಿಗೆ ಕಾಣದ ಕಡೆ. ಹಬ್ಬಿನ ಬೇರಿಂಗ್, ಸ್ಪೋಕ್, ಬ್ರೇಕ್, ಫೋರ್ಕ್. ಆ ದಪ್ಪ ರಿಮ್ ಒಂದು ಜೊತೆ ಎತ್ತಿ ನೋಡಿ, ತೂಕ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಉಳಿದವುಗಳಲ್ಲಿ ಯಾವುದನ್ನೇ ನೋಡಿದರೂ ಮೂರು ಪ್ರಶ್ನೆ ಕೇಳಿ. ನನ್ನ ಅಳತೆಗೆ ಕೂಡುತ್ತದಾ? 28 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರ್ ಹಿಡಿಸುತ್ತದಾ? ಕೆಟ್ಟರೆ ಹೊಸಪೇಟೆ, ಬಳ್ಳಾರಿಯಲ್ಲಿ ಸಾಮಾನು ಸಿಗುತ್ತದಾ? ಬಣ್ಣ, ಕಂಪನಿ, ಒಂದು ಕಿಲೋ ತೂಕ ಇವೆಲ್ಲ ಆಮೇಲೆ.

ಸಿಂಧನೂರು ಕಾಲುವೆ

ಟೈರ್ ವಿಷಯಕ್ಕೆ ನನ್ನದೂ ಒಂದು ಮಾತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರಸ್ತೆ ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ. ನಾಟಿ ಸಮಯದಲ್ಲಿ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡೇ ಡಾಂಬರಿನ ಮೇಲೆ ಬರುತ್ತಾರೆ. ರಸ್ತೆ ತುಂಬ ಅಡ್ಡಡ್ಡ ಗೀರು, ಜೊತೆಗೆ ಎರೆಮಣ್ಣಿನ ಹೆಂಟೆ. ಸುಗ್ಗಿ ಬಂತೆಂದರೆ ಅರ್ಧ ರಸ್ತೆಯಲ್ಲಿ ಭತ್ತ ಒಣಗಲು ಹಾಕಿರುತ್ತಾರೆ. ಎತ್ತರದ ಹೊಲದ ಕಡೆ ಸಜ್ಜೆ, ತೊಗರಿ ಹರವಿ ಗಾಡಿ ಓಡಿದ ಮೇಲೆ ಕಾಳು ಬಿಡಿಸಿಕೊಳ್ಳುತ್ತಾರೆ. ಅದರ ಮೇಲೆ ಸಣ್ಣ ಟೈರ್ ಹಾಯಿಸಿ ಬ್ರೇಕ್ ಹಿಡಿದರೆ ಚಕ್ರ ಜಾರದೆ ಇರುವುದಿಲ್ಲ. ಕಾಳಿನ ಮೇಲೆ ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ, ನೇರ ಸಾಗಿಬಿಡಿ.

ಇಂಥ ರಸ್ತೆಗೆ 23, 25 ಮಿ.ಮೀ. ಟೈರ್ ಬೇಡ. 28 ಆದರೂ ಇರಲಿ, 32 ಹಿಡಿಸಿದರೆ ಇನ್ನೂ ಒಳ್ಳೆಯದು. ಅಗಲ ಟೈರ್ ಅಂದರೆ ನಿಧಾನ ಅನ್ನುವ ಮಾತು ನಮ್ಮ ರಸ್ತೆಯಲ್ಲಿ ನಿಲ್ಲುವುದಿಲ್ಲ. ಸಣ್ಣ ಟೈರ್‌ನಲ್ಲಿ ಗಟ್ಟಿ ಗಾಳಿ ಹೊಡೆದರೆ ಪ್ರತಿ ಗೀರಿಗೂ ಸೈಕಲ್ ಮೇಲೆ ಪುಟಿಯುತ್ತದೆ, ಮುಂದೆ ಹೋಗಬೇಕಾದ ಶಕ್ತಿ ಅಲ್ಲಿ ಸೋರುತ್ತದೆ. ನಿಮ್ಮ ತೂಕಕ್ಕೆ 28ರಲ್ಲಿ ಸುಮಾರು 75ರಿಂದ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 32ರಲ್ಲಿ 60ರಿಂದ 65 ಇಟ್ಟು ಶುರು ಮಾಡಿ. ಮುಂದಿನ ಚಕ್ರಕ್ಕೆ ಸ್ವಲ್ಪ ಕಡಿಮೆ.

ರಾಯಚೂರು ಪಾನಾ

ನಾನು ಸೈಕಲ್ ರಿಪೇರಿ ಮಾಡುವವನು. ಸುಮ್ನೆ ಓದಿ ಹೋಗೋಣ ಅಂತ ಬಂದೆ, ಆದರೆ ಸಾಮಾನಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

ಶಿಮಾನೊ ರೋಡ್ ಗೇರ್‌ಗಳಲ್ಲಿ ಕೆಳಗಿನಿಂದ ಟೂರ್ನಿ 7, ಕ್ಲಾರಿಸ್ 8, ಸೋರಾ 9, ಟಿಯಾಗ್ರಾ 10 ಹೀಗೆ ಏರುತ್ತದೆ. ಅಂಕಿ ಅಂದರೆ ಹಿಂದಿನ ಹಲ್ಲುಚಕ್ರ ಎಷ್ಟು ಅಂತ. ಮೇಲೆ ಹೋದಷ್ಟೂ ಗೇರ್ ಬದಲಾಗುವುದು ನುಣುಪು, ನಿಜ. ಆದರೆ 6, 7, 8 ಗೇರ್‌ಗೆ ಚೈನ್ ಒಂದೇ ಅಳತೆ. ಊರಿನ ಹುಡುಗರ ಗೇರ್ ಸೈಕಲ್‌ಗೆ ಹಾಕುವ ಚೈನೇ ನಿಮ್ಮ ಕ್ಲಾರಿಸ್‌ಗೂ ಆಗುತ್ತದೆ. 9ರಿಂದ ಮೇಲಕ್ಕೆ ಚೈನ್ ತೆಳುವಾಗುತ್ತದೆ, ಬೆಲೆ ಏರುತ್ತದೆ, ಸಣ್ಣ ಊರಲ್ಲಿ ತರಿಸಿಕೊಡಬೇಕಾಗುತ್ತದೆ. ಹಾಗಾಗಿ ಬಜೆಟ್ ಕಡಿಮೆ ಇದ್ದವರಿಗೆ 8 ಗೇರ್ ಒಳ್ಳೆಯ ಜಾಗ.

7 ಗೇರ್ ಸೈಕಲ್‌ಗಳಲ್ಲಿ ಇನ್ನೊಂದು ನೋಡಬೇಕು. ಹಿಂದಿನ ಹಲ್ಲುಚಕ್ರಗಳು ಹೆಚ್ಚಾಗಿ ಫ್ರೀವೀಲ್ ಮಾದರಿ, ಅಂದರೆ ಹಬ್ಬಿನ ಮೇಲೆ ತಿರುಪಿ ಕೂರಿಸಿರುತ್ತಾರೆ. ಅದರಲ್ಲಿ ಬಲಗಡೆಯ ಬೇರಿಂಗ್ ಒಳಗೆ ಸರಿದಿರುತ್ತದೆ, ಹೊರಗೆ ಆಕ್ಸಲ್ ಉದ್ದಕ್ಕೆ ಆಸರೆ ಇಲ್ಲದೆ ನಿಂತಿರುತ್ತದೆ. ತೂಕದ ಮನುಷ್ಯ ಗುಂಡಿಗೆ ಹಾಕಿದರೆ ಆಕ್ಸಲ್ ಬೆಂಡ್ ಆಗುತ್ತದೆ. ಕ್ಯಾಸೆಟ್ ಮಾದರಿಯ (ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ) ಹಬ್ಬಿನಲ್ಲಿ ಬೇರಿಂಗ್ ತುದಿಗೇ ಇರುತ್ತದೆ, ಆ ತೊಂದರೆ ಕಡಿಮೆ. 78 ಕೆಜಿ ಅಂದಿರಿ. ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಬ್ರೇಕ್: ನಮ್ಮ ಕಡೆ ಮಳೆ ಕಡಿಮೆ, ರಸ್ತೆ ಬಹುಪಾಲು ಸಮತಟ್ಟು. ರಿಮ್ ಬ್ರೇಕ್ ಸಾಕು. ಕಡಿಮೆ ಬೆಲೆಯ ವೈರ್ ಡಿಸ್ಕ್ ಬ್ರೇಕ್ ಸದಾ ಉಜ್ಜುತ್ತಿರುತ್ತದೆ, ಹೊಂದಿಸಿ ಹೊಂದಿಸಿ ಬೇಜಾರಾಗುತ್ತದೆ.

ತೋರಣಗಲ್ಲು ಶಿಫ್ಟ್ ಸವಾರ

ಪಾನಾ ಅಣ್ಣ ಹೇಳಿದ ರಿಮ್ ಬ್ರೇಕ್ ಮಾತಿಗೆ ಬಳ್ಳಾರಿ ಕಡೆಯವರು ಒಂದನ್ನು ಸೇರಿಸಿಕೊಳ್ಳಬೇಕು. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಕೆಂಪು ಧೂಳು ಬ್ರೇಕ್ ಶೂ ಒಳಗೆ ಕೂರುತ್ತದೆ. ಚಕ್ರ ಬಿಚ್ಚಿದಾಗ ಶೂ ತಿರುಗಿಸಿ ಬೆಳಕಿಗೆ ಹಿಡಿಯಿರಿ. ರಬ್ಬರಿನಲ್ಲಿ ಮಿಣ ಮಿಣ ಹೊಳೆಯುವ ಚುಕ್ಕೆ ಕಂಡರೆ ಅದು ಗಟ್ಟಿ ಕಣ. ಪಿನ್ನಿನಿಂದ ಕಿತ್ತು ತೆಗೆಯಿರಿ. ಬಿಟ್ಟರೆ ಬ್ರೇಕ್ ಹಿಡಿದಾಗಲೆಲ್ಲ ಅದು ರಿಮ್ ಕೆರೆಯುತ್ತದೆ. ರಿಮ್ ಒದ್ದೆ ಬಟ್ಟೆಯಲ್ಲಿ ಒರೆಸಿ. ಚೈನಿಗೆ ಎಣ್ಣೆ ಸುರಿಯಬೇಡಿ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನದನ್ನೆಲ್ಲ ಒರೆಸಿಬಿಡಿ. ಹೊರಗೆ ಎಣ್ಣೆ ಉಳಿದರೆ ಧೂಳು ಅಂಟಿ ಚೈನು, ಹಲ್ಲು ಎರಡನ್ನೂ ಸವೆಸುತ್ತದೆ.

ಬಳ್ಳಾರಿ ಕೋಟೆ

ನನ್ನ ಅಭಿಪ್ರಾಯ ಬೇರೆ. ಹೊಸಬರಿಗೆ ಡ್ರಾಪ್ ಹ್ಯಾಂಡಲ್ ಯಾಕೆ? 17 ಸಾವಿರದ ಹೈಬ್ರಿಡ್ ತಗೊಳ್ಳಲಿ. ನೇರ ಕೂರಬಹುದು, ಟ್ರಾಫಿಕ್ ಕಾಣುತ್ತದೆ, ಬ್ರೇಕ್ ಸದಾ ಬೆರಳ ಕೆಳಗೇ ಇರುತ್ತದೆ. 35 ಮಿ.ಮೀ. ಟೈರ್ ಬರುತ್ತದೆ. 200 ಬ್ರೆವೆಗೆ 13 ಗಂಟೆ 30 ನಿಮಿಷ ಸಮಯ ಕೊಡುತ್ತಾರೆ. ನಿಲ್ಲುವುದೆಲ್ಲ ಸೇರಿ ಸರಾಸರಿ ಗಂಟೆಗೆ 15 ಕಿ.ಮೀ. ಬಂದರೆ ಮುಗಿಯಿತು. ಇಂಥದ್ದೇ ಸೈಕಲ್ ಬೇಕು ಅನ್ನುವ ನಿಯಮ ಅಲ್ಲಿಲ್ಲ. ಹೈಬ್ರಿಡ್‌ನಲ್ಲಿ ಮುಗಿಸಿದವರು ಎಷ್ಟೋ ಜನ ಇದ್ದಾರೆ. ಆ ಉಳಿದ 8 ಸಾವಿರದಲ್ಲಿ ಒಳ್ಳೆಯ ಟೈರ್, ಒಳ್ಳೆಯ ದೀಪ, ಪ್ಯಾಡ್ ಇರುವ ಚಡ್ಡಿ ಎಲ್ಲ ಬರುತ್ತದೆ.

ಒಂದೇ ಎಚ್ಚರಿಕೆ. ಮುಂದೆ ಸಸ್ಪೆನ್ಷನ್ ಇರುವ ಹೈಬ್ರಿಡ್ ತಗೋಬೇಡಿ. ಆ ಬೆಲೆಯ ಸಸ್ಪೆನ್ಷನ್ ಫೋರ್ಕ್ ಅಂದರೆ ಸುಮ್ಮನೆ ಎರಡು ಕಿಲೋ ಕಬ್ಬಿಣ ಹೊತ್ತ ಹಾಗೆ. ಗಟ್ಟಿ ಫೋರ್ಕ್ ಇರುವುದನ್ನೇ ಕೇಳಿ.

ಕೊಪ್ಪಳ ಟೀಚರ್

ಕೋಟೆ ಸರ್, ನಿಮ್ಮ ಮಾತು ಊರೊಳಗೆ ಓಡಾಡುವವರಿಗೆ ಪೂರ್ತಿ ಒಪ್ಪುತ್ತದೆ. ಆದರೆ ಈ ತಮ್ಮ ಗಂಗಾವತಿಯಿಂದ ಮುನಿರಾಬಾದ್ ಕಡೆ ಹೋಗುವವರು. ಆಷಾಢದ ಗಾಳಿ ನೀವೂ ಕಂಡಿದ್ದೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ಕೊಪ್ಪಳ, ಗದಗ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ.

ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗ ದಾಟಿದ ಮೇಲೆ ನಾವು ತುಳಿಯುವ ಶಕ್ತಿಯ ಹೆಚ್ಚು ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಅದೂ ಒಂದಕ್ಕೆ ಒಂದು ಅನ್ನುವಂತೆ ಏರುವುದಿಲ್ಲ. ಗಂಟೆಗೆ 20ರಿಂದ 25ಕ್ಕೆ ಹೋದರೆ ಗಾಳಿಗೆ ಕೊಡುವ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಎದುರುಗಾಳಿ ಇದ್ದರೆ ನಿಧಾನ ಹೋದರೂ ಅದೇ ಕಷ್ಟ. ಡ್ರಾಪ್ ಹ್ಯಾಂಡಲ್‌ನಲ್ಲಿ ಮೈ ಬಗ್ಗಿಸಿ ಕೂತರೆ ಎದೆಯ ಅಗಲ ಗಾಳಿಗೆ ಸಿಗುವುದು ಕಡಿಮೆಯಾಗುತ್ತದೆ. ಸೈಕಲ್ ತೂಕದಲ್ಲಿ ಒಂದು ಕಿಲೋ ಇಳಿಸಲು ಸಾವಿರಾರು ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೊಂದು, ಕೈ ಇಡಲು ಮೂರು ನಾಲ್ಕು ಜಾಗ ಸಿಗುತ್ತದೆ. ದೂರ ಹೋದಾಗ ಅಂಗೈ ಜೋಮು ಹಿಡಿಯುವುದಿಲ್ಲ.

ಹಾಗಂತ ಅಳತೆ ತಪ್ಪಿದ ರೋಡ್ ಸೈಕಲ್‌ಗಿಂತ ಅಳತೆ ಕೂಡಿದ ಹೈಬ್ರಿಡ್ ನೂರು ಪಾಲು ವಾಸಿ, ಅದನ್ನೂ ಹೇಳುತ್ತೇನೆ.

ತಮ್ಮಾ, ನಿಮ್ಮ ಒಳಗಾಲಿನ ಅಳತೆ ಎಷ್ಟು? ಎತ್ತರವೊಂದೇ ಸಾಲದು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆ ಮೇಲೆ ಗೆರೆ ಹಾಕಿಸಿ. ನೆಲದಿಂದ ಆ ಗೆರೆಗೆ ಎಷ್ಟು ಸೆಂ.ಮೀ. ಅಂತ ಬರೆಯಿರಿ.

ಗಂಗಾವತಿ ಹೊಸಬ

ಅಕ್ಕಾ, 78 ಸೆಂ.ಮೀ. ಬಂತು. ತಂಗಿಯಿಂದ ಎರಡು ಸಲ ಅಳೆಸಿದೆ.

ಬೆಂಗಳೂರಿನ ಸೈಕಲ್ 56 ಸೈಜ್ ಅಂತೆ. ಸೀಟು ಇಳಿಸಿದರೆ ಆಗುತ್ತದೆ ಅನ್ನುತ್ತಿದ್ದಾರೆ.

ಕೊಪ್ಪಳ ಟೀಚರ್

ಆಗುವುದಿಲ್ಲ. ಬಿಟ್ಟುಬಿಡಿ.

78ನ್ನು 0.67ರಿಂದ ಗುಣಿಸಿದರೆ 52 ಸೆಂ.ಮೀ. ನಿಮ್ಮ ಫ್ರೇಮ್ ಅದರ ಆಸುಪಾಸು, 52 ಅಥವಾ ಕಂಪನಿ ಬಿಟ್ಟು ಕಂಪನಿಗೆ ಎಸ್, ಎಂ ಅಂತ ಇರುತ್ತದೆ. ಸೀಟು ಇಳಿಸಬಹುದು, ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರ ಇಳಿಸುವುದು ಹೇಗೆ? 56ರಲ್ಲಿ ನೀವು ಕೈ ಚಾಚಿಕೊಂಡೇ ಇರಬೇಕು. ಕುತ್ತಿಗೆ, ಹೆಗಲು, ಅಂಗೈ ಮೂರೂ ನೋಯುತ್ತವೆ. ಸ್ವಲ್ಪ ಚಿಕ್ಕದಾದರೆ ಸೀಟ್‌ಪೋಸ್ಟ್ ಏರಿಸಿ, ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ತುಂಡು) ಬದಲಿಸಿ ಹೊಂದಿಸಿಕೊಳ್ಳಬಹುದು. ದೊಡ್ಡದನ್ನು ಚಿಕ್ಕದು ಮಾಡಲು ಆಗುವುದಿಲ್ಲ.

ಸೀಟಿನ ಎತ್ತರಕ್ಕೆ 78ನ್ನು 0.883ರಿಂದ ಗುಣಿಸಿ. 69 ಸೆಂ.ಮೀ. ಹತ್ತಿರ ಬರುತ್ತದೆ. ಪೆಡಲ್ ತಿರುಗುವ ನಡುವಿನ ಬೋಲ್ಟ್‌ನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟಿರಲಿ. ಸರಿ ಇದೆಯಾ ಅಂತ ನೋಡಲು ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಮುಂಗಾಲು ಇಡುತ್ತೀರಿ, ಆಗ ಮಂಡಿ ತಾನಾಗಿ ಸ್ವಲ್ಪ ಬಗ್ಗುತ್ತದೆ. ನಮ್ಮ ಕಡೆ ಎಲ್ಲರೂ ನೆಲಕ್ಕೆ ಎರಡೂ ಕಾಲು ಊರುವಂತೆ ಸೀಟು ಇಳಿಸಿಕೊಳ್ಳುತ್ತಾರೆ. ಮಂಡಿನೋವು ಅಲ್ಲಿಂದಲೇ ಶುರು.

ಸಂಡೂರು ಏರು

ಗೇರ್ ಸಂಖ್ಯೆ ನೋಡಬೇಡಿ, ಹಲ್ಲು ಎಣಿಸಿ. ಏರಿನಲ್ಲಿ ನಮ್ಮನ್ನು ಕಾಯುವುದು ಎಲ್ಲಕ್ಕಿಂತ ಹಗುರ ಗೇರ್ ಒಂದೇ.

ಮುಂದೆ 44 ಹಲ್ಲಿನ ಒಂದೇ ಚೈನ್‌ವೀಲ್, ಹಿಂದೆ ದೊಡ್ಡದು 28 ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 12 ಕಿ.ಮೀ. ವೇಗ ಇರಲೇಬೇಕು. ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಹೊಸಬರಿಗೆ ಆ ವೇಗ ಬರುವುದಿಲ್ಲ, ಇಳಿದು ತಳ್ಳಬೇಕು. ಮುಂದೆ 50 ಮತ್ತು 34 ಎರಡು ಚೈನ್‌ವೀಲ್ ಇದ್ದು ಹಿಂದೆ 32 ಇದ್ದರೆ, ಅದೇ 60 ಸುತ್ತಿಗೆ 8 ಕಿ.ಮೀ. ವೇಗದಲ್ಲಿ ಉಸಿರು ಹಿಡಿದು ಏರಬಹುದು. ಗಂಗಾವತಿಯಲ್ಲಿ ಇದ್ದರೂ ಒಂದಲ್ಲ ಒಂದು ದಿನ ಸಂಡೂರಿಗೆ ಬರುತ್ತೀರಿ. ಮಳೆಗಾಲದಲ್ಲಿ ಇಲ್ಲಿನ ಗುಡ್ಡ ನೋಡಿದರೆ ಮತ್ತೆ ಮತ್ತೆ ಬರುತ್ತೀರಿ.

ರಾಯಚೂರು ಹಳೇ ಸವಾರ

ಏರೇ ಇಲ್ಲದ ನಮ್ಮಂಥವರ ಪರವಾಗಿಯೂ ಯಾರಾದರೂ ಮಾತಾಡಬೇಕು. ರಾಯಚೂರಿನಿಂದ ಶಕ್ತಿನಗರದ ಕೃಷ್ಣಾ ಸೇತುವೆ ಕಡೆ, ಮಾನ್ವಿ ಕಡೆ ದೊಡ್ಡ ಏರು ಅಂತ ಇಲ್ಲ. ಅಂಥವರಿಗೆ ಗೇರ್ ಇಲ್ಲದ, ಗಟ್ಟಿ ಫ್ರೇಮಿನ ಸಿಂಗಲ್ ಸ್ಪೀಡ್ ರೋಡ್ ಸೈಕಲ್ ಒಳ್ಳೆಯ ದಾರಿ. ಹೊಂದಿಸಲು ಗೇರ್ ಇಲ್ಲ, ಕೆಡಲು ಏನೂ ಇಲ್ಲ, ಉಳಿದ ಹಣದಲ್ಲಿ ಒಳ್ಳೆಯ ಟೈರ್ ಬರುತ್ತದೆ. ಎರಡೂ ಚಕ್ರಕ್ಕೆ ಬ್ರೇಕ್ ಇರಲೇಬೇಕು. ಆದರೆ ನಿಮಗೆ ಡ್ಯಾಮ್, ಆನೆಗುಂದಿ, ಎದುರುಗಾಳಿ ಎಲ್ಲ ಇದೆ. ನಿಮಗೆ ಗೇರೇ ಇರಲಿ.

ಬಿಸಿಲಿನ ಬಗ್ಗೆ ಯಾರೂ ಹೇಳಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಕು ಹರಿಯುವ ಮುಂಚೆ ಹೊರಟು ಎಂಟೂವರೆಯೊಳಗೆ ಮನೆ ಸೇರಬೇಕು. ಅಂದರೆ ಕತ್ತಲಲ್ಲಿ ಹೊರಡುತ್ತೀರಿ, ದೀಪ ಬೇಕೇ ಬೇಕು. ಫ್ರೇಮಿನಲ್ಲಿ ಎರಡು ಬಾಟಲ್ ಕೇಜ್‌ಗೆ ತೂತು ಇದೆಯಾ ಅಂತ ನೋಡಿ ತಗೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ.

ಗಂಗಾವತಿ ಹೊಸಬ

ಇಷ್ಟು ಬಿಡಿಸಿ ಹೇಳುತ್ತಾರೆ ಅಂದುಕೊಂಡಿರಲಿಲ್ಲ. 56 ಸೈಜಿನದನ್ನು ಬಿಟ್ಟೆ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಊರಿಗೆ ಹೋಗುತ್ತಿರುವ ಒಬ್ಬ ಇಂಜಿನಿಯರಿಂಗ್ ಹುಡುಗನ ಸೈಕಲ್ ಸಿಕ್ಕಿದೆ. ಅಲ್ಯೂಮಿನಿಯಂ ಫ್ರೇಮ್, ಎಸ್ ಸೈಜ್, ಕ್ಲಾರಿಸ್ 8, ಮುಂದೆ 50/34. ಟೈರ್ 25, ಆದರೆ 28 ಹಿಡಿಸುತ್ತದೆ ಅನ್ನುತ್ತಾನೆ. 20 ಸಾವಿರ ಕೇಳಿದ್ದಾನೆ. ಬಿಲ್ ಇದೆ. ಹಳೆಯದು ತಗೊಳ್ಳುವಾಗ ಏನೇನು ನೋಡಬೇಕು?

ರಾಯಚೂರು ಪಾನಾ

ಒಳ್ಳೆಯ ಸುದ್ದಿ. ಹಗಲಲ್ಲೇ ಹೋಗಿ. ಜೊತೆಗೆ ಇಂಚಿನ ಸ್ಕೇಲು, ಒಂದು ಒಣ ಬಟ್ಟೆ, ಅಲೆನ್ ಕೀ ಒಯ್ಯಿರಿ.

ಮೊದಲು ಬಟ್ಟೆಯಿಂದ ಫ್ರೇಮ್ ಒರೆಸಿ. ಹ್ಯಾಂಡಲ್ ಕೆಳಗಿನ ಕೂಡುಜಾಗ, ಪೆಡಲ್ ಹತ್ತಿರದ ಕೂಡುಜಾಗ, ಹಿಂದಿನ ಚಕ್ರ ಕೂರುವ ಕಿವಿಗಳು ಇವನ್ನು ಬೆರಳಲ್ಲಿ ಮುಟ್ಟಿ ನೋಡಿ. ಕೂದಲೆಳೆಯಂಥ ಗೆರೆ ಕಂಡು, ಉಗುರು ಸಿಕ್ಕಿಕೊಂಡರೆ ಅದು ಬಿರುಕು. ಅಲ್ಯೂಮಿನಿಯಂ ಬಿರುಕಿಗೆ ಇಲ್ಲಿ ಬೆಸುಗೆ ಇಲ್ಲ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕಾರ್ಬನ್ ಫೋರ್ಕ್ ಇದ್ದರೆ ಇನ್ನೂ ಜಾಸ್ತಿ ಹುಷಾರಾಗಿ ನೋಡಿ. ಫ್ರೇಮ್ ಅಡಿಯಲ್ಲಿ ಕೊರೆದ ನಂಬರ್ ಇರುತ್ತದೆ. ಬಿಲ್‌ನಲ್ಲಿ ನಂಬರ್ ಬರೆದಿದ್ದರೆ ತಾಳೆ ನೋಡಿ.

ಆಮೇಲೆ ಚೈನು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಅರ್ಧ ಇಂಚಿಗೆ ಒಂದು ಕೊಂಡಿ, 24 ಕೊಂಡಿಗೆ ಸರಿಯಾಗಿ 12 ಇಂಚು. ಆ ಪಿನ್ ನಡು 12 ಇಂಚನ್ನು 1/16 ಇಂಚು ದಾಟಿದ್ದರೆ ಹೊಸ ಚೈನ್ ಹಾಕಿಸಬೇಕು. 1/8 ದಾಟಿದ್ದರೆ ಹಿಂದಿನ ಹಲ್ಲುಚಕ್ರವೂ ಹೋಗಿರುತ್ತದೆ, ಆ ಖರ್ಚು ಬೆಲೆಯಲ್ಲಿ ಇಳಿಸಿಕೊಳ್ಳಿ.

ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಶೂ ಹತ್ತಿರ ಕಣ್ಣಿಡಿ. ಎಡಬಲ ಆಡಿದರೆ ಬೆಂಡ್ ತೆಗೆಸಬಹುದು, ದೊಡ್ಡ ಕೆಲಸವಲ್ಲ. ಆದರೆ ರಿಮ್‌ನ ಬ್ರೇಕ್ ಹಿಡಿಯುವ ಜಾಗ ಒಳಗೆ ಗುಳಿ ಬಿದ್ದಿದ್ದರೆ ರಿಮ್ ಸವೆದಿದೆ ಅಂತ ಅರ್ಥ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಾಡಿಸಿ. ಕಟಕಟ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ. ಪೆಡಲ್ ತೋಳನ್ನು ಅಡ್ಡಕ್ಕೆ ಅಲುಗಿಸಿ, ಆಟ ಬಂದರೆ ಒಳಗಿನ ಬೇರಿಂಗ್ ಹೋಗಿದೆ. ಸೀಟ್‌ಪೋಸ್ಟ್ ಸಡಿಲಿಸಿ ಮೇಲೆ ಕೆಳಗೆ ಮಾಡಿಯೇ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೆವರಿಗೆ ಒಳಗೇ ಹಿಡಿದುಕೊಂಡಿರುತ್ತದೆ.

28 ಹಿಡಿಸುತ್ತದಾ ಅನ್ನುವುದನ್ನು ಬಾಯಿಮಾತಿಗೆ ಬಿಡಬೇಡಿ. ಈಗಿರುವ ಟೈರಿಗೂ ಬ್ರೇಕಿಗೂ, ಟೈರಿಗೂ ಫ್ರೇಮಿಗೂ ನಡುವೆ ಎಲ್ಲ ಕಡೆ 5 ಮಿ.ಮೀ.ನಷ್ಟು ಜಾಗ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ತಗೊಳ್ಳಿ.

ತೋರಣಗಲ್ಲು ಶಿಫ್ಟ್ ಸವಾರ

ಬೆಲೆ ಮಾತಾಡುವಾಗ ಒಂದು ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ, ಬಿಡಿಭಾಗಗಳಿಗೂ ಅಷ್ಟೇ. ಹಳೆಯ ಸೈಕಲ್ ಮಾರುವವರು ತಾವು ಕೊಟ್ಟ ಹಳೆಯ ಬೆಲೆಯನ್ನೇ ಹಿಡಿದು ಲೆಕ್ಕ ಹೇಳುತ್ತಾರೆ. ಅದೇ ಮಾದರಿ ಹೊಸದು ಇವತ್ತು ಎಷ್ಟಿದೆ ಅಂತ ನೋಡಿಕೊಂಡು ಹೋಗಿ. ಹೊಸದಾಗಿ ತಗೊಳ್ಳುವ ಬೇರೆಯವರೂ ಬಿಲ್‌ನಲ್ಲಿ 5 ಶೇಕಡಾ ಅಂತಲೇ ಇದೆಯಾ ನೋಡಿ. ಹುಡುಗ ವಿದ್ಯಾರ್ಥಿ, ಜಾಸ್ತಿ ಹಿಂಡಬೇಡಿ. ಆದರೆ ಟೈರ್ ಬದಲಿಸುವ ಖರ್ಚು ಕೇಳುವುದು ನ್ಯಾಯ.

ಸೈಕಲ್ ತರಲು ಹಂಪಿ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಹಾಕಿಸಿದರೆ ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ ಇಳಿಸಿಕೊಳ್ಳಬಹುದು. ಅಲ್ಲಿ ಪಾರ್ಸೆಲ್ ತಗೊಳ್ಳುತ್ತಾರಾ ಅಂತ ಮೊದಲೇ ಕೌಂಟರಿನಲ್ಲಿ ಕೇಳಿ. ಹಿಂದಿನ ಗೇರ್ ಇರುವ ಬಲಗಡೆಗೆ ರಟ್ಟು ಕಟ್ಟಿ, ಗೇರನ್ನು ಒಳಗಿನ ದೊಡ್ಡ ಹಲ್ಲಿಗೆ ಹಾಕಿಡಿ, ಆಗ ಗೇರ್ ತೋಳು ಒಳಕ್ಕೆ ಸರಿದಿರುತ್ತದೆ. ಆ ಕಡೆ ಏನಾದರೂ ಬಿದ್ದರೆ ಗೇರ್ ತಗುಲಿಸುವ ಕಿವಿ ಬಗ್ಗುತ್ತದೆ, ಆಮೇಲೆ ಒಂದು ಗೇರೂ ಸರಿ ಬೀಳುವುದಿಲ್ಲ.

ಸಿಂಧನೂರು ಕಾಲುವೆ

ಮುಳ್ಳಿನ ವಿಷಯ ಬಾಕಿ ಇದೆ. ಪಕ್ಕದ ಜಿಲ್ಲೆಯ ಹೆಸರನ್ನೇ ಇಟ್ಟುಕೊಂಡ ಬಳ್ಳಾರಿ ಜಾಲಿ ಎಲ್ಲ ಕಡೆ ಇದೆ. ಬೇಲಿಗೆ ಕಡಿದು ಎಳೆದೊಯ್ಯುವಾಗ ರಸ್ತೆ ತುಂಬ ಮುಳ್ಳು ಉದುರುತ್ತದೆ. ಅದಕ್ಕಿಂತ ಕಾಟ ನೆಗ್ಗಿಲು ಮುಳ್ಳು. ರಸ್ತೆ ಅಂಚಿನಲ್ಲಿ ಹಬ್ಬಿರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಫೋಟೋ ತೆಗೆಯಲು ಸೈಕಲ್ ಹುಲ್ಲಿಗೆ ಇಳಿಸಬೇಡಿ, ಡಾಂಬರಿನ ಮೇಲೇ ನಿಲ್ಲಿಸಿ.

ಪಂಕ್ಚರ್ ಆದರೆ ಟ್ಯೂಬ್ ಬದಲಿಸುವುದಷ್ಟೇ ಸಾಲದು. ಟೈರಿನ ಒಳಗೆ ಹತ್ತಿ ಬಟ್ಟೆಯನ್ನು ಸುತ್ತಲೂ ಎಳೆಯಿರಿ. ಮೊನೆ ಮುರಿದು ಒಳಗೇ ಉಳಿದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಫರ್ಲಾಂಗ್ ದೂರ ಹೋಗುವುದರೊಳಗೆ ಅದೂ ಹೋಗುತ್ತದೆ. 28ರ ಹೊಸ ಟೈರ್ ತಗೊಳ್ಳುವಾಗ ಒಳಗೆ ಪಂಕ್ಚರ್ ತಡೆಯುವ ಪಟ್ಟಿ ಇರುವುದನ್ನೇ ಕೇಳಿ. ಸ್ವಲ್ಪ ತೂಕ ಬರುತ್ತದೆ, ಬರಲಿ.

ರೋಡ್ ಸೈಕಲ್ ಟ್ಯೂಬಿನ ವಾಲ್ವ್ ಸಣ್ಣದು, ಪ್ರೆಸ್ಟಾ ಅನ್ನುತ್ತಾರೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಒಂದನ್ನು ವಾಲ್ವ್‌ಗೇ ಹಾಕಿಟ್ಟುಕೊಳ್ಳಿ. ಅದು ಇದ್ದರೆ ಲಾರಿ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಬೇರೆ ವಾಲ್ವ್ ಕೂರಿಸಲು ರಿಮ್ ತೂತು ದೊಡ್ಡದು ಮಾಡುತ್ತೇವೆ ಅಂದರೆ ಒಪ್ಪಬೇಡಿ.

ಹೊಸಪೇಟೆ ಪಿಯುಸಿ

ಅಕ್ಕಾ, ಕೊಪ್ಪಳ ಟೀಚರ್ ಅವರಿಗೆ ಒಂದು ಪ್ರಶ್ನೆ. ನಾನು 5 ಅಡಿ 1 ಇಂಚು ಇದ್ದೇನೆ. ಅಂಗಡಿಯಲ್ಲಿ ಎಲ್ಲಿ ಕೇಳಿದರೂ ಎಂ ಸೈಜೇ ತೋರಿಸುತ್ತಾರೆ. ಬ್ರೇಕ್‌ಗೆ ಬೆರಳು ಎಟಕುವುದಿಲ್ಲ. ಹುಡುಗಿಯರು ರೋಡ್ ಸೈಕಲ್ ಬಿಟ್ಟುಬಿಡಬೇಕಾ?

ಕೊಪ್ಪಳ ಟೀಚರ್

ಯಾಕವ್ವಾ ಬಿಡಬೇಕು? ನಿನ್ನ ಅಳತೆಯದು ಎಕ್ಸ್‌ಎಸ್ ಅಥವಾ 48ರ ಹತ್ತಿರದ ಫ್ರೇಮ್. ಅಂಗಡಿಯಲ್ಲಿ ಇಟ್ಟಿರುವುದಿಲ್ಲ, ಆರ್ಡರ್ ಮಾಡಿಸಬೇಕು. ತರಿಸುತ್ತೇವೆ ಅಂದವರ ಹತ್ತಿರವೇ ತಗೋ, ಇರುವುದನ್ನು ಹಚ್ಚಲು ನೋಡಿದರೆ ಎದ್ದು ಬಾ. ಬ್ರೇಕ್ ಲಿವರ್ ಹತ್ತಿರ ತರಲು ಹೆಚ್ಚಿನವುಗಳಲ್ಲಿ ಒಂದು ಸಣ್ಣ ಸ್ಕ್ರೂ ಅಥವಾ ಒಳಗೆ ಇಡುವ ತುಂಡು ಇರುತ್ತದೆ. ಬೆರಳಿನ ಮೊದಲ ಗೆಣ್ಣು ಲಿವರ್ ಸುತ್ತ ಬರುವವರೆಗೆ ಹೊಂದಿಸಿಕೊಡಿ ಅಂತ ಕೇಳು. ಕೂರುವ ಎಲುಬಿನ ಅಗಲ ನಮ್ಮ ಹೆಂಗಸರಲ್ಲಿ ಸಾಮಾನ್ಯವಾಗಿ ಜಾಸ್ತಿ, ಜೊತೆಗೆ ಬಂದ ಸೀಟು ನೋಯಿಸಿದರೆ ಸ್ವಲ್ಪ ಅಗಲದ್ದು ಹಾಕಿಸು. ತುಂಬ ಮೆತ್ತನೆಯದು ಬೇಡ, ದೂರ ಹೋದಾಗ ಅದೇ ಉಜ್ಜುತ್ತದೆ. ಪ್ಯಾಡ್ ಚಡ್ಡಿ ಒಳಗೆ ಹಾಕಿ ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿಕೋ, ಬಲಗಾಲಿನ ಅಂಚಿಗೆ ಒಂದು ರಬ್ಬರ್ ಬ್ಯಾಂಡ್. ವೇಲ್ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ಮುನಿರಾಬಾದ್ ಕಡೆ ಬರುವುದಾದರೆ ಹೇಳು, ಜೊತೆಗೆ ಹೋಗೋಣ.

ಗಂಗಾವತಿ ಹೊಸಬ

ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆ. ಫ್ರೇಮ್ ಗಟ್ಟಿ ಇದೆ, ಎಲ್ಲೂ ಗೆರೆ ಇಲ್ಲ. ಹೆಡ್‌ಸೆಟ್, ಬೇರಿಂಗ್ ಸರಿ ಇವೆ. ಚೈನ್ ಸ್ಕೇಲಿಗೆ ಹಿಡಿದರೆ 1/16 ದಾಟಿತ್ತು, 1/8 ಮುಟ್ಟಿರಲಿಲ್ಲ. ಹಿಂದೆ 28 ಹಲ್ಲು. ಫ್ರೇಮಿನಲ್ಲಿ ಜಾಗ ಇದೆ, 28 ಟೈರ್ ಆಗುತ್ತದೆ. ಚೈನು, ಟೈರಿನ ಮಾತು ಹೇಳಿದೆ. ಸ್ಕೇಲು ಹಿಡಿದು ತೋರಿಸಿದ ಮೇಲೆ ಆ ಹುಡುಗನೂ ಒಪ್ಪಿದ. 17,500ಕ್ಕೆ ಮುಗಿಯಿತು. ಎರಡು ಬಾಟಲ್ ಕೇಜ್ ಸುಮ್ನೆ ಕೊಟ್ಟ. ಟೈರ್, ಚೈನ್ ಹಾಕಿಸಿದರೂ ಹೆಲ್ಮೆಟ್, ದೀಪಕ್ಕೆ ಹಣ ಉಳಿಯುತ್ತದೆ. ಪಾರ್ಸೆಲ್ ಬಂದ ಮೇಲೆ ಪೆಡಲ್, ಹ್ಯಾಂಡಲ್ ನಾನೇ ಕೂರಿಸಬಹುದಾ?

ಸಂಡೂರು ಏರು

ಒಳ್ಳೆಯ ಬೆಲೆ. ಹಿಂದೆ 28 ಇದ್ದರೂ ಮುಂದೆ 34 ಇದೆಯಲ್ಲ, ಗಾಬರಿ ಬೇಡ. ಆ ಹಲ್ಲುಚಕ್ರ ಸವೆದ ದಿನ 32 ಹಾಕಿಸಿ. ಹಿಂದಿನ ಗೇರ್ ತೋಳು ಅಷ್ಟು ದೊಡ್ಡ ಹಲ್ಲು ತಾಳುತ್ತದಾ ಅಂತ ಕೇಳಿಕೊಂಡೇ ತಗೊಳ್ಳಿ.

ರಾಯಚೂರು ಪಾನಾ

ಕೂರಿಸಬಹುದು. ಪೆಡಲ್ ಮೇಲೆ ಎಲ್, ಆರ್ ಅಂತ ಕೊರೆದಿರುತ್ತದೆ. ಬಲದ್ದು ಮಾಮೂಲಿ ತಿರುಪು, ಎಡದ್ದು ಉಲ್ಟಾ. ಎರಡನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಸಲೀಸಾಗಿ ಹೋದ ಮೇಲೆ ಪಾನಾ ಹಾಕಿ. ಗಟ್ಟಿ ಬಂತೆಂದರೆ ಒತ್ತಬೇಡಿ, ಅಡ್ಡ ಕೂತಿರುತ್ತದೆ. ಅಲ್ಯೂಮಿನಿಯಂ ತೋಳಿನ ತಿರುಪು ಹೋದರೆ ತೋಳೇ ಹೋದಂತೆ. ತಿರುಪಿಗೆ ಚೂರು ಗ್ರೀಸ್ ಹಚ್ಚಿ.

ಹ್ಯಾಂಡಲ್ ಹಿಡಿದಿರುವ ನಾಲ್ಕು ಬೋಲ್ಟನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಒಂದೇ ಕಡೆ ಪೂರ್ತಿ ಬಿಗಿಯಬೇಡಿ. ಮೊದಲ ನೂರು ಕಿ.ಮೀ. ಆದ ಮೇಲೆ ಹೊಸಪೇಟೆಯಲ್ಲಿ ಗೇರ್ ಕೆಲಸ ಗೊತ್ತಿರುವವರ ಹತ್ತಿರ ಒಯ್ದು ಸ್ಪೋಕ್, ಗೇರ್ ವೈರ್ ನೋಡಿಸಿ. ರಾಯಚೂರು ಕಡೆ ಬಂದರೆ ಅಂಗಡಿಗೆ ಬನ್ನಿ, ನಾನೇ ನೋಡಿಕೊಡುತ್ತೇನೆ.